ಅವ್ವನಿಗೆ ಕೇಳಿಸಿದ ಕೋಣೆ

ಹತ್ತಿ ತುಂಬಿದ ಕೋಣೆಯಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಸಪ್ಪಳ ಅಂಗೈಯಲ್ಲೇ ಉಳಿದುಬಿಡುತ್ತದೆ. ಗೋಡೆಯವರೆಗೆ ಹೋಗುವುದೇ ಇಲ್ಲ, ಇನ್ನು ತಿರುಗಿ ಬರುವ ಮಾತೆಲ್ಲಿ? ಇದನ್ನು ನಾನು ಪುಸ್ತಕದಲ್ಲಿ ಓದಿದವಳಲ್ಲ. ತೊಂಬತ್ತರ ದಶಕದಲ್ಲಿ, ಬೈಲಹೊಂಗಲದ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ, ಹಿತ್ತಲ ಕಡೆಯ ಹತ್ತಿ ಕೋಣೆಯಲ್ಲಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಕಲಿತದ್ದು.

ಎಷ್ಟೋ ವರ್ಷ ಕಳೆದ ಮೇಲೆ, ಎರಡು ಸಾವಿರದ ಇಸವಿಯೂ ದಾಟಿದ ಮೇಲೆ, ನನ್ನ ಮೈದುನ ಬಜಾರದ ಹಿಂದೆ ಒಂದು ರೆಕಾರ್ಡಿಂಗ್ ರೂಮು ಮಾಡಿದ. ಭಜನಾ ಮಂಡಳಿಯವರು, ನಾಟಕದವರು, ಆಟೋದಲ್ಲಿ ಸಾರಿಕೊಂಡು ಹೋಗುವ ಸೀರೆ ಅಂಗಡಿಯವರು ಎಲ್ಲ ಅಲ್ಲಿಗೆ ಬರತೊಡಗಿದರು. ಮೊದಲ ದಿನ ನನ್ನನ್ನು ಕರೆದೊಯ್ದು ಒಳಗೆ ನಿಲ್ಲಿಸಿದ. ಗೋಡೆಗೆಲ್ಲ ಕಪ್ಪು ಸ್ಪಂಜು, ಬಾಗಿಲಿಗೆ ದಪ್ಪ ಪರದೆ, ಮೂಲೆಯಲ್ಲಿ ಕಂಪ್ಯೂಟರ್. ಬಾಗಿಲು ಹಾಕಿ ಚಪ್ಪಾಳೆ ತಟ್ಟಿ, “ನೋಡ್ರಿ ವೈನಿ, ಎಕೋ ಅನ್ನೂದ ಇಲ್ಲ,” ಎಂದ.

“ಎಲ್ಲಾ ಐತಿ, ಹತ್ತಿ ವಾಸನಿ ಒಂದ ಇಲ್ಲ ನೋಡಪಾ,” ಎಂದೆ. ಅವನು ನಕ್ಕ. ನನ್ನ ಅವ್ವ ಅವನಿಗೂ ನೆನಪಾಗಿದ್ದಳು.

ನನ್ನ ತವರು ಮುರಗೋಡ. ಅವ್ವ ಮಾತಿನವಳು. ಅವಳ ಮಾತು ಕೇಳಲೆಂದೇ ಓಣಿಯ ಹೆಂಗಸರು ಒಡೆಯುವ ಶೇಂಗಾ ಮೊರದಲ್ಲಿ ಹಾಕಿಕೊಂಡು ನಮ್ಮ ಕಟ್ಟೆಗೆ ಬರುತ್ತಿದ್ದರು. ಆದರೆ ನನ್ನ ಪಾಲಿಗೆ ಅವಳು ಬೇರೆಯದೇ ಒಂದು ದನಿ ಇಟ್ಟಿದ್ದಳು. ಬೆಳಿಗ್ಗೆ ನನ್ನ ತಲೆ ಬಾಚುವಾಗ ಹಿಂದೆ ಕುಳಿತು, ಕಿವಿಯ ಹತ್ತಿರ, ಬಾಚಣಿಗೆಯ ಸಪ್ಪಳಕ್ಕಿಂತ ಸ್ವಲ್ಪವೇ ಜೋರಾಗಿ ಮಾತಾಡುತ್ತಿದ್ದಳು. ಏನು ಹೇಳುತ್ತಿದ್ದಳು ಎಂದು ಕೇಳಿದರೆ ಈಗ ಹೇಳಲಾರೆ, ಏಕೆಂದರೆ ಅದರಲ್ಲಿ ಹೇಳುವಂಥದ್ದು ಏನೂ ಇರುತ್ತಿರಲಿಲ್ಲ. ಯಾರ ಎಮ್ಮೆ ಈಯಿತು, ಯಾರ ಮನೆಯ ಹೋಳಿಗೆ ಹರಿಯಿತು, ಇಂಥವೇ. ಕಣ್ಣು ಮುಚ್ಚಿಕೊಂಡು ಕೇಳುತ್ತ ಕೂತರೆ ಕಾಲೇಜಿನ ಬಸ್ಸು ತಪ್ಪುತ್ತಿತ್ತು.

ಬಿ.ಎ. ಎರಡನೇ ವರ್ಷದಲ್ಲಿದ್ದಾಗ ನನಗೆ ಲಗ್ನ ಗೊತ್ತಾಯಿತು. ಕಲಿಯುವುದು ಬಿಡಲು ನನಗೆ ಮನಸ್ಸಿರಲಿಲ್ಲ. ಹಾರಾಡಿದೆ, ಊಟ ಬಿಟ್ಟೆ, ಅವ್ವನೊಂದಿಗೆ ಮಾತೂ ಬಿಟ್ಟೆ. ಲಗ್ನದ ಅಕ್ಕಿಕಾಳು ತಲೆಗೆ ಬಿದ್ದ ಮೇಲೆ ಹಠವೂ ಇಳಿಯಿತು. ಗಂಡ ಒಳ್ಳೆಯವರು, ಮನೆ ಒಳ್ಳೆಯದು, ಹೊಂದಿಕೊಂಡೆ. ಅಷ್ಟರಲ್ಲಿ ಅವ್ವನ ಕಿವಿ ಮಂದವಾಗತೊಡಗಿತ್ತು. ಮೊದಲು ಬಾಗಿಲ ಬಡಿತ ಕೇಳಿಸಲಿಲ್ಲ, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ನಾವು.

ಮದುವೆಯಾದ ವರ್ಷ ಪಂಚಮಿಗೆ ತವರಿಗೆ ಹೋದಾಗ ಅದು ಎಷ್ಟು ಬೆಳೆದಿದೆ ಎಂದು ಗೊತ್ತಾಯಿತು. “ಅತ್ತಿ ಹೆಂಗದಾರ?” ಎಂದು ಕೇಳಿದಳು. “ಛಲೋ ಅದಾರ” ಎಂದೆ. “ಹೂಂ, ಈ ಸಲ ಮಳಿ ಛಲೋನ ಆತು,” ಎಂದಳು. ಇಬ್ಬರೂ ನಕ್ಕೆವು. ಮರುದಿನ ಅಂಥದೇ ಇನ್ನೊಂದು ಆದಾಗ ನಗು ಬರಲಿಲ್ಲ. ನಾನು ಒದರತೊಡಗಿದೆ. ಕಲ್ಲಿನ ಗೋಡೆಯ ಆ ಮನೆಯಲ್ಲಿ ನಾನು ಒದರಿದ್ದು ಇಡೀ ಓಣಿಗೆ ಕೇಳಿಸಿತು, ಅವ್ವನಿಗೆ ಮಾತ್ರ ಇಲ್ಲ. ಅಣ್ಣ ಹುಬ್ಬಳ್ಳಿಯಿಂದ ಕಿವಿಯ ಯಂತ್ರ ತಂದಿದ್ದ. ಕೊರಳಿಗೆ ಹಾಕಿಕೊಳ್ಳುವ ಡಬ್ಬಿ, ಅದರಿಂದ ಕಿವಿಗೆ ಒಂದು ವೈರು. ಅವ್ವ ಅದನ್ನು ಟ್ರಂಕಿನಲ್ಲಿ ಇಟ್ಟುಬಿಟ್ಟಿದ್ದಳು. “ಇದರಾಗ ಮಾತಿಗಿಂತ ಗದ್ದಲನ ಭಾಳ,” ಎಂದಳು. ಹೊರಡುವ ದಿನ ನನ್ನ ತಲೆ ಬಾಚಿದಳು, ಆದರೆ ಬಾಯಿ ಬಿಡಲಿಲ್ಲ. ನನ್ನ ಉತ್ತರ ಕೇಳಿಸದ ಮೇಲೆ ಮಾತಾಡಿ ಏನು ಮಾಡುವುದು ಎಂದುಕೊಂಡಳೋ ಏನೋ.

ಬೈಲಹೊಂಗಲಕ್ಕೆ ಬಂದ ಮೇಲೆ ನನಗೆ ಅದೇ ಚಿಂತೆ ಹತ್ತಿತು. ಕಿವಿ ಪೂರ್ತಿ ಮುಚ್ಚುವ ಮೊದಲು ನನ್ನ ದನಿ ಒಮ್ಮೆಯಾದರೂ ಅವಳಿಗೆ ನೆಟ್ಟಗೆ ಕೇಳಿಸಬೇಕು. ಅವಳಿಗೆ ಓದು ಬರಹ ಬಾರದು, ಪತ್ರ ಬರೆದರೆ ಓದಿ ಹೇಳುವವರ ದನಿಯೂ ಕೇಳಿಸದು. ಫೋನಂತೂ ಮುಗಿದ ಮಾತು. ಆಗ ನನ್ನ ಮೈದುನನಿಗೆ ಟೇಪಿನ ಹುಚ್ಚು. ಕಾಲೇಜು ಮುಗಿಯಿತಲ್ಲ, ಹತ್ತಿ ವ್ಯಾಪಾರ ಕಲಿ ಎಂದರೆ ಮೈಕು, ವೈರು, ಕ್ಯಾಸೆಟ್ಟು ಹರವಿಕೊಂಡು ಕೂರುತ್ತಿದ್ದ. “ವೈನಿ, ನೀವು ಟೇಪಿನ್ಯಾಗ ಮಾತಾಡ್ರಿ. ನಾ ವಾಕ್‌ಮನ್ ಒಯ್ದು ಹೆಡ್‌ಫೋನ್ ಅವರ ಕಿವಿಗೇ ಹಚ್ಚಿ ಬರತೇನಿ,” ಎಂದ.

ಮುಂದಿನ ಪಡಸಾಲೆಯಲ್ಲಿ ಕೂತು ಮಾತಾಡಿದೆ. ಆ ಪಡಸಾಲೆಯ ಬಗ್ಗೆ ಹೇಳಬೇಕು. ಮಾವನವರು ಹಳೆಯ ಮನೆಯ ಮುಂಭಾಗ ಕೆಡವಿ ಎತ್ತರದ ಸ್ಲ್ಯಾಬು ಹಾಕಿಸಿ, ನೆಲಕ್ಕೆ ನುಣುಪು ಫರಸಿ, ಗೋಡೆಗೆ ಹಸಿರು ಎಣ್ಣೆಬಣ್ಣ ಮಾಡಿಸಿದ್ದರು. ಊರಿನಲ್ಲಿ ಹೆಸರು ಮಾಡಿದ ಪಡಸಾಲೆ. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ, ನಮ್ಮ ಪಡಸಾಲೆಯ ಗೋಡೆಗೆ ಬಾಯಿಯೂ ಇತ್ತು. ಒಂದು ಚಮಚ ಬಿದ್ದರೆ ಹಿತ್ತಲವರೆಗೆ ಸುದ್ದಿ ಮುಟ್ಟುತ್ತಿತ್ತು. ಮಾವನವರ ಗಂಟಲೋ ಮಾರುಕಟ್ಟೆಯ ಹರಾಜಿನ ಸವಾಲಿನಲ್ಲಿ ಪಳಗಿದ್ದು, ಅವರು ನೀರು ಕೇಳಿದರೂ ಜಗಳ ಎನಿಸುತ್ತಿತ್ತು. ನಾನು ಸೆರಗು ಹೊದ್ದು, ಅವರೆದುರು ಹೂಂ ಎನ್ನುವುದನ್ನೂ ಬಾಗಿಲ ಮರೆಯಲ್ಲಿ ನಿಂತು ಅನ್ನುತ್ತಿದ್ದೆ. ನಮ್ಮಲ್ಲಿ ಸೊಸೆಯಂದಿರ ರೂಢಿಯೇ ಹಾಗೆ.

ಮೈದುನ ಮುರಗೋಡಕ್ಕೆ ಹೋಗಿ ಬಂದ. ಮುಖ ನೋಡಿಯೇ ಗೊತ್ತಾಯಿತು. “ಕೇಳಿದ್ರು ವೈನಿ. ‘ಯಾರೋ ಬಾವ್ಯಾಗ ಬಿದ್ದು ಒದರಾಕತ್ತಾರ, ಮೊದಲ ಅವರನ್ನ ಮ್ಯಾಲ ತಗೀರಿ’ ಅಂದ್ರು.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನು ಟೇಪನ್ನು ಮತ್ತೆ ಮತ್ತೆ ಹಚ್ಚಿ ಕೇಳಿ, ಕೊನೆಗೆ ಕಾರಣ ಹುಡುಕಿದ. “ನೀವು ಒಂದ ಅಕ್ಷರ ಅಂದ್ರ ಗ್ವಾಡಿ ನಾಕ ಸಲ ಅಂತೈತಿ. ಕಿವಿ ನೆಟ್ಟಗಿದ್ದವರು ನಿಮ್ಮದನ್ನಷ್ಟ ಆರಿಸಿ ತಗೋತಾರ. ನಿಮ್ಮ ಅವ್ವಾರಿಗೆ ಅದು ಆಗಂಗಿಲ್ಲ. ಜ್ವಾಳದಾಗ ಹರಳು ಬೆರೆತಂಗ ಆಗೇತಿ. ದನಿ ಜೋರು ಮಾಡಿದ್ರ ಹರಳೂ ಜೋರಾಗತೈತಿ.” ಡಬ್ಬಿ ಯಂತ್ರವನ್ನು ಅವ್ವ ಟ್ರಂಕಿಗೆ ಹಾಕಿದ್ದು ಯಾಕೆಂದು ನನಗೆ ಅವತ್ತು ಅರ್ಥವಾಯಿತು.

ಹಾಗಾದರೆ ಗೋಡೆಯ ಬಾಯಿ ಮುಚ್ಚಿಸಬೇಕು. ಬೆಳಗಾವಿಯಲ್ಲಿ ಯಾವುದೋ ರೆಕಾರ್ಡಿಂಗ್ ಅಂಗಡಿಯ ಗೋಡೆಗೆ ತತ್ತಿ ಇಡುವ ರಟ್ಟಿನ ಟ್ರೇ ಬಡಿದದ್ದನ್ನು ಅವನು ನೋಡಿದ್ದ. ಎಲ್ಲಿಂದಲೋ ಒಂದು ಹೊರೆ ಟ್ರೇ ತಂದು ಪಡಸಾಲೆಯ ನಟ್ಟನಡುವೆ ಇಳಿಸಿದ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ, ಹೊಸ್ತಿಲೊಳಗೆ ತತ್ತಿಯ ಹೆಸರು ತೆಗೆಯುವಂತಿಲ್ಲ. ಅತ್ತೆಯವರು ದೇವರ ಕೋಣೆಯಿಂದ ವಿಭೂತಿ ಕೈಯಲ್ಲೇ ಬಂದು ನಿಂತರು.

“ಏನಿವು?”

“ಟ್ರೇ ಬೇ ಅವ್ವಾ. ಖಾಲಿ ಅದಾವ.”

“ಖಾಲಿ ಇದ್ರೇನು, ತುಂಬಿದ್ರೇನು? ಯಾತಕ್ಕ ಹುಟ್ಟ್ಯಾವ ಅವು?”

ಪದವೀಧರನಾದ ಮೈದುನ ಹೊರೆಯನ್ನು ಮತ್ತೆ ಹೆಗಲಿಗೇರಿಸಿದ. ಟ್ರೇಗಳು ಹೊರಗೆ ಹೋದವು, ಪಡಸಾಲೆಗೆ ಕೊಡಗಟ್ಟಲೆ ನೀರು ಬಿತ್ತು, ಸಂಜೆಯವರೆಗೆ ಅತ್ತೆಯವರ ಬೈಗುಳ ನಿಲ್ಲಲಿಲ್ಲ. ದನಿಯ ಕೆಲಸ ಕಲಿತ ಮೇಲೆ ಅವನೇ ಒಪ್ಪಿಕೊಂಡ, ಆ ತೆಳು ರಟ್ಟಿನಿಂದ ಏನೂ ಆಗುತ್ತಿರಲಿಲ್ಲವಂತೆ. ಅತ್ತೆಯವರು ಧರ್ಮಕ್ಕೆಂದು ಬೈದದ್ದು ದನಿಯ ಶಾಸ್ತ್ರಕ್ಕೂ ಸರಿಯಾಗಿಯೇ ಇತ್ತು.

ಆಮೇಲೆ ಕೌದಿಗಳ ಸರದಿ. ಅತ್ತೆಯವರ ಕೈಯ ಕೌದಿ ಎಂದರೆ ಸುತ್ತಲಿಗೆಲ್ಲ ಹೆಸರು. ಹಳೆಯ ಸೀರೆ, ಧೋತರದ ಚೂರು ಕೂಡಿಸಿ ಹೊಲಿದು, ಮುಗಿಸುವ ಮುನ್ನ ಕೌದಿ ಹಸಿದಿರಬಾರದೆಂದು ಒಳಗೆ ಒಂದು ತುಣುಕು ಹೋಳಿಗೆ ಇಟ್ಟು ಬಾಯಿ ಮುಚ್ಚುತ್ತಿದ್ದರು. ತತ್ತಿಯ ಸಿಟ್ಟು ಇಳಿದ ಮೇಲೆ ಅವರೇ ಗಂಟು ಬಿಚ್ಚಿ ಕೊಟ್ಟರು. ಹಗ್ಗ ಕಟ್ಟಿ, ಪಡಸಾಲೆಯ ನಾಲ್ಕೂ ಗೋಡೆಗೆ ಇಳಿಬಿಟ್ಟೆವು. ಬಣ್ಣಬಣ್ಣದ ಆ ಗೂಡಿನಲ್ಲಿ ಕುಳಿತಾಗ ನನಗೆ ಯಾವುದೋ ಹಳೆಯ ಸೀರೆಗಳ ಕನಸಿನೊಳಗೆ ಬಂದಂತೆ ಅನಿಸಿತ್ತು. ಎದುರು ಮನೆಯವರು ಇಣುಕಿ, “ಏನ್ರಿ, ಕೌದ್ಯಾಗ ತಿಗಣಿ ಆಗ್ಯಾವೇನ್ರಿ?” ಎಂದು ಕೇಳಿದ್ದೇ ತಡ, ಕನಸೂ ಹೋಯಿತು, ಅತ್ತೆಯವರ ಮಾನವೂ ಹೋಯಿತು.

ಆ ಟೇಪೂ ಮುರಗೋಡಕ್ಕೆ ಹೋಗಿ ಬಂತು. “ಈಗ ಬಾವ್ಯಾಗ ಇಲ್ಲಂತ ವೈನಿ. ಹೊಚಗೊಂಡು ಮಕ್ಕೊಂಡು ಮಾತಾಡತಾಳ ಅಂದ್ರು,” ಎಂದು ಮೈದುನ ತಲೆ ಕೆರೆದುಕೊಂಡ. ಕೌದಿ ತೆಳುವು. ಸ, ಶ, ಚ ಇಂಥ ಹಗುರ ಅಕ್ಷರಗಳನ್ನು ಅದು ನುಂಗಿಬಿಟ್ಟಿತ್ತು, ಗೋಡೆಯ ಗುಂಯ್ ಎನ್ನುವ ದಪ್ಪ ದನಿಯನ್ನು ಹಾಗೇ ಬಿಟ್ಟಿತ್ತು. ಹೋಳಿಗೆ ತಿಂದು ಸಾಲದೆ ನನ್ನ ಅಕ್ಷರಗಳನ್ನೂ ತಿಂದಿತು ಎಂದು ನಾನು ಗೊಣಗಿದೆ. ನಗಿಸಲು ಅಂದ ಮಾತು ಅಲ್ಲ. ನಿಜವಾಗಿ ಸಿಟ್ಟು ಬಂದಿತ್ತು.

ದೀಪಾವಳಿಯ ನಂತರ ಹತ್ತಿ ಬರತೊಡಗಿತು. ಒಳ್ಳೆಯ ದರ ಬರುವವರೆಗೆ ಹತ್ತಿಯನ್ನು ಮನೆಯಲ್ಲೇ ಕೂಡಿಹಾಕುವುದು ನಮ್ಮ ಕಡೆಯ ಪದ್ಧತಿ. ಹಿಂದಿನ ಮಣ್ಣುಗೋಡೆಯ ಕೋಣೆಯನ್ನು ಅದಕ್ಕೇ ಉಳಿಸಿದ್ದರು. ಆಳುಗಳು ತುಂಬಿ, ತುಳಿದು, ಮತ್ತೆ ತುಂಬಿ, ಜಂತಿಯವರೆಗೆ ಏರಿಸಿದರು. ಬಾಗಿಲ ಹತ್ತಿರ ಇಬ್ಬರು ಕೂರುವಷ್ಟು ಜಾಗ ಉಳಿಯಿತು. ಆ ಕೋಣೆಗೆ ಮಾವನವರ ಕಾನೂನು ಬೇರೆ. ದೀಪವಿಲ್ಲ, ಕರೆಂಟಿನ ವೈರಿಲ್ಲ, ಕಡ್ಡಿಪೆಟ್ಟಿಗೆ ಸೊಂಟದಲ್ಲಿದ್ದವರು ಹೊಸ್ತಿಲು ದಾಟುವಂತಿಲ್ಲ. ಹತ್ತಿಗೆ ಕಿಡಿಯ ಭಯ.

ಒಂದು ಮಧ್ಯಾಹ್ನ ಅವ್ವನ ನೆನಪು ಬಹಳವಾಗಿ, ಅಳುವುದಕ್ಕೆ ಜಾಗ ಹುಡುಕಿಕೊಂಡು ಅಲ್ಲಿಗೆ ಹೋದೆ. ಪಡಸಾಲೆಯಲ್ಲಿ ಅತ್ತರೆ ಊರಿಗೇ ಗೊತ್ತಾಗುತ್ತದೆ. ಬಾಗಿಲು ಮುಂದೆ ಮಾಡಿ ಕುಳಿತೆ. ಮೇಲಿನ ಬೆಳಕಿಂಡಿಯಿಂದ ಒಂದೇ ಒಂದು ಬಿಸಿಲ ಕೋಲು ಇಳಿದಿತ್ತು. ಅದರೊಳಗೆ ನೂಲಿನಷ್ಟು ಸಣ್ಣ ಎಳೆಗಳು ಬೀಳುವುದನ್ನೇ ಮರೆತು ತೇಲುತ್ತಿದ್ದವು. ಬೀಜದ ಎಣ್ಣೆಯ ವಾಸನೆ, ಮೈಗೆ ತಾಗುವ ಬಿಸುಪು. ಓಣಿಯ ಗಾಡಿ, ಹಿಟ್ಟಿನ ಗಿರಣಿ, ಅತ್ತೆಯವರ ಪಾತ್ರೆ, ಎಲ್ಲವನ್ನೂ ಯಾರೋ ಎತ್ತಿ ಬೇರೆ ಊರಿಗೆ ಒಯ್ದಿದ್ದರು. ಬೇಕಾದಷ್ಟು ಅತ್ತೆ. ಅಳು ಮುಗಿದ ಮೇಲೆ ಸುಮ್ಮನೆ, “ಅವ್ವಾ,” ಎಂದೆ.

ಆ ಶಬ್ದ ಬಾಯಿಂದ ಬಂದು ಅಲ್ಲೇ ನಿಂತಿತು. ಹಿಂದೆ ಬಾಲವಿಲ್ಲ, ಮುಂದೆ ಮಾರುತ್ತರವಿಲ್ಲ. ನನ್ನ ದನಿ ಹೀಗಿದೆ ಎಂದು ನನಗೇ ಗೊತ್ತಿರಲಿಲ್ಲ. ಮತ್ತೊಮ್ಮೆ ಅಂದೆ. ಅದು ನನ್ನ ದನಿ ಆಗಿರಲೇ ಇಲ್ಲ, ತಲೆ ಬಾಚುವಾಗಿನ ಅವ್ವನ ದನಿಯಾಗಿತ್ತು. ಎಷ್ಟು ಹೊತ್ತು ಹಾಗೆ ಕುಳಿತಿದ್ದೆನೋ, ಬಿಸಿಲ ಕೋಲು ಗೋಡೆಗೆ ಹೋಗಿ ಏರತೊಡಗಿತ್ತು. ಬಾಗಿಲಾಚೆ ಅತ್ತೆಯವರು ಆಗಿನಿಂದ ನನ್ನನ್ನು ಕೂಗುತ್ತಿದ್ದರಂತೆ, ನನಗೆ ಕೇಳಿಸಿರಲಿಲ್ಲ. ಹೊರಗೆ ಬಂದವಳೇ ಬೈಸಿಕೊಳ್ಳುತ್ತಲೇ ಮೈದುನನನ್ನು ಹುಡುಕಿದೆ.

ಅವನು ಬಂದು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದ. ಅಂಗೈ ನೋಡಿಕೊಂಡ. ಇನ್ನೊಮ್ಮೆ ತಟ್ಟಿದ. “ಯಪ್ಪಾ, ಇಷ್ಟ ದಿನಾ ಮನ್ಯಾಗ ಇಟಗೊಂಡು ಊರೆಲ್ಲಾ ತಿರಗಿದೆ,” ಎಂದ. ಕೌದಿ ತೆಳುವಾಗಿದ್ದರೆ ಹತ್ತಿಯ ರಾಶಿ ಆಳು ಎತ್ತರ ದಪ್ಪ. ಹಗುರ ದನಿ, ಭಾರದ ದನಿ ಯಾವುದನ್ನೂ ಹೊರಗೆ ಬಿಡುತ್ತಿರಲಿಲ್ಲ.

ವೈರು ತರುವಂತಿಲ್ಲವಾದ್ದರಿಂದ ಸೆಲ್ಲು ಹಾಕಿದ ಟೇಪು. ನಾನು ಹತ್ತಿಗೆ ಬೆನ್ನು ಹಚ್ಚಿ ಕೂತೆ, ಅವನು ಮೈಕು ನನ್ನ ಮುಂದಿಟ್ಟು ಹೊಸ್ತಿಲಾಚೆ ಕೂತ. ಮೊದಲ ಸಲ ಸೆಲ್ಲು ಹಳೆಯವು, ಟೇಪು ನಿಧಾನ ತಿರುಗಿತ್ತು. ಮನೆಯ ಕರೆಂಟಿಗೆ ಹಚ್ಚಿ ಕೇಳಿದರೆ ನಾನು ಗುಬ್ಬಿಯಂತೆ ಚಿಲಿಪಿಲಿ ಎನ್ನುತ್ತಿದ್ದೆ. ಹೊಸ ಸೆಲ್ಲು ಬಂದವು. ದಿನಾ ಮಧ್ಯಾಹ್ನ, ಅತ್ತೆಯವರು ಅಡ್ಡಾದ ಮೇಲೆ, ಸ್ವಲ್ಪ ಸ್ವಲ್ಪ ಮಾತಾಡಿದೆ. ಹಾಡಲಿಲ್ಲ. ಬೆಳಿಗ್ಗೆ ಎದ್ದದ್ದು, ರೊಟ್ಟಿ ಬಡಿದದ್ದು, ನನ್ನ ಮನೆಯವರಿಗೆ ಬೇಳೆಯ ಸಾರು ಸೇರುವುದಿಲ್ಲ ಎಂಬುದು. ತಲೆ ಬಾಚುವಾಗಿನ ಮಾತುಗಳು.

ಕ್ಯಾಸೆಟ್ಟು ಇನ್ನೂ ತುಂಬಿರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಒಂದು ದಿನ ಊಟಕ್ಕೆ ಕುಳಿತ ಮಾವನವರು, “ನಾಳಿಂದ ಅಂಡಿಗಿ ತುಂಬಸ್ರಿ. ದರಾ ಬಂದೈತಿ,” ಎಂದರು. ಅಂಡಿಗೆ ಎಂದರೆ ಹತ್ತಿ ತುಂಬುವ ದೊಡ್ಡ ಗೋಣಿ. ಅಡಿಗೆಮನೆಯಲ್ಲಿ ನನ್ನ ಕೈಯ ಸೌಟು ಕೆಳಗೆ ಬಿತ್ತು. ಪಡಸಾಲೆ ಆ ಸಪ್ಪಳವನ್ನು ಎತ್ತಿ ಎಲ್ಲರಿಗೂ ಬಡಿಸಿತು.

“ಅಪ್ಪಾ, ಇನ್ನೊಂದ ಸ್ವಲ್ಪ ದಿನಾ ತಡೀರಿ. ವೈನಿ ಟೇಪ್ ಮುಗದಿಲ್ಲ,” ಎಂದ ಮೈದುನ.

“ಟೇಪಿಗೂ ಹತ್ತಿಗೂ ಏನ ಸಂಬಂಧಲೇ?”

ಬಾಯಿಮಾತಿನಿಂದ ಬಗೆಹರಿಯುವಂಥದ್ದಲ್ಲ ಎಂದು ಅವನು ಟೇಪು ತಂದು ಅವರ ಮುಂದಿಟ್ಟ. ಮೊದಲು ಪಡಸಾಲೆಯದು ಹಚ್ಚಿದ, ಬಾವಿಯ ಕ್ಯಾಸೆಟ್ಟು. ಆಮೇಲೆ ಹತ್ತಿ ಕೋಣೆಯದು. ನಾನು ಬಾಗಿಲ ಮರೆಯಲ್ಲಿ ಬೆವರಿದೆ. ಮಾವನವರು ನನ್ನ ದನಿಯನ್ನು ಹೂಂ ಎನ್ನುವುದರ ಆಚೆ ಎಂದೂ ಕೇಳಿದವರಲ್ಲ. ಅವರು ಕಣ್ಣು ಮುಚ್ಚಿ, ಕೈ ತಾಟಿನಲ್ಲೇ ಬಿಟ್ಟು ಕೇಳಿದರು. ಟೇಪಿನೊಳಗೆ ನಾನು ಅವ್ವನಿಗೆ ಎಲ್ಲರ ಬಗ್ಗೆ ಹೇಳುತ್ತ ಹೇಳುತ್ತ ಅವರ ಹತ್ತಿರ ಬಂದುಬಿಟ್ಟೆ. “ಮಾವಾರು ಸಿಟ್ಟಿನವರಲ್ಲ ಬೇ ಅವ್ವಾ. ದನಿ ದೊಡ್ಡದು ಅಷ್ಟ. ಮೊದಲ ಮೊದಲ ಹೆದರತಿದ್ದೆ, ಈಗ ಇಲ್ಲ.”

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮೈದುನ ಗಡಬಡಿಸಿ ಬಟನ್ ಒತ್ತಿದ. ಮಾವನವರು ಎದ್ದು ಕೈ ತೊಳೆದು, ಟವೆಲ್ಲಿಗೆ ಕೈ ಒರೆಸಿಕೊಂಡರು. ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವವರಲ್ಲ. “ಟೇಪ್ ಯಾಕ ಕಳಸ್ತೀರಿ?” ಎಂದರು. “ಟೇಪಿಗೆ ಅವರು ತಿರುಗಿ ಏನಾರ ಅನ್ನಾಕ ಬರತೈತೇನು? ಬೀಗರನ್ನ ಇಲ್ಲಿಗೇ ಕರಕೊಂಡ ಬರೂಣು. ಅಲ್ಲೀತನಾ ಹತ್ತಿ ಇರ್ಲಿ.” ಹಾಗೆಂದವರು ಮೆಲ್ಲಗೆ ಅಂದಿದ್ದರು. ಪಡಸಾಲೆಗೇ ಆಶ್ಚರ್ಯವಾಗಿರಬೇಕು.

ಇಷ್ಟು ಸರಳವಾದದ್ದು ನಮಗಿಬ್ಬರಿಗೂ ಹೊಳೆದಿರಲಿಲ್ಲ. ಹೊಳೆಯದಿರಲು ಕಾರಣವೂ ಇತ್ತು. ಹೆಣ್ಣು ಕೊಟ್ಟ ಮನೆಗೆ ತಾಯಿ ಸುಮ್ಮಸುಮ್ಮನೆ ಬರುವಂತಿಲ್ಲ. ಬಸಿರಾದ ಮಗಳ ಕುಪ್ಪಸಕ್ಕೋ, ಮೊಮ್ಮಗುವಿನ ತೊಟ್ಟಿಲಿಗೋ ಬರಬೇಕು, ಅದೂ ಗಂಡಿನ ಮನೆಯ ಹಿರಿಯರು ಬಂದು ಕರೆಯಬೇಕು. ಮಾವನವರು ತಲೆಗೆ ರುಮಾಲು ಸುತ್ತಿಕೊಂಡು ಮರುದಿನ ತಾವೇ ಮುರಗೋಡದ ಬಸ್ಸು ಹತ್ತಿದರು.

ಅವರು ಕರೆದು ಬಂದ ಎರಡು ದಿನಕ್ಕೆ ಅವ್ವ ಬಂದಳು. ಕೈಯಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಗಂಟು. ಮುಖ ಬಿಳಿಚಿಕೊಂಡಿತ್ತು. ಪಡಸಾಲೆಯಲ್ಲಿ ಎಲ್ಲರೂ ಒಟ್ಟಿಗೆ, “ಬರ್ರಿ, ಬರ್ರಿ, ಕುಂಡ್ರಿ, ಆರಾಮ್ರಿ?” ಎಂದು ಕೂಗಿದರು. ಆ ಕೂಗು ಸ್ಲ್ಯಾಬಿಗೆ ಬಡಿದು ಸುತ್ತಿತು. ಅವ್ವ ಎಲ್ಲರಿಗೂ ಕೈಮುಗಿದು ನಕ್ಕಳು. ಏನೂ ಕೇಳಿಸದವರು ನಗುವ ಆ ನಗು ನನಗೆ ಗೊತ್ತು. ಅದರಲ್ಲಿ ಇನ್ನೂ ಏನೋ ಇತ್ತು, ಹೆದರಿಕೆ. ನಾನು ಅವಳ ಕೈ ಹಿಡಿದು ನೇರ ಹಿಂದಿನ ಕೋಣೆಗೆ ಕರೆದೊಯ್ದೆ. ಅಣ್ಣ ಮಾವನವರ ಮಾತಿನಂತೆ ಡಬ್ಬಿ ಯಂತ್ರವನ್ನು ಗಂಟಿನಲ್ಲಿ ಕಟ್ಟಿ ಕಳಿಸಿದ್ದ. ಬೇಡ ಬೇಡ ಎಂದು ಅವಳು ಕೈ ಮಾಡಿದರೂ ಕೊರಳಿಗೆ ಹಾಕಿ, ವೈರು ಕಿವಿಗಿಟ್ಟು, ಬಾಗಿಲು ಮುಂದೆ ಮಾಡಿದೆ.

ಬೆಳಕಿಂಡಿಯ ಬಿಸಿಲು ಹತ್ತಿಯ ಮೇಲೆ ಬಿದ್ದು ಕೋಣೆಯೆಲ್ಲ ಹಾಲಿನ ಬಣ್ಣವಾಗಿತ್ತು. ನಾನು ಅವಳ ಹಿಂದೆ ಕುಳಿತು ತುರುಬು ಬಿಚ್ಚಿದೆ. ಬಾಚಣಿಗೆ ಹಿಡಿದೆ. ನನ್ನ ತುಟಿ ಅವಳಿಗೆ ಕಾಣುತ್ತಿರಲಿಲ್ಲ.

“ಅವ್ವಾ,” ಎಂದೆ, ಮೆಲ್ಲಗೆ.

ಅವಳ ಹೆಗಲು ನೆಟ್ಟಗಾಯಿತು. “ಹಾಂ,” ಎಂದಳು. ಆಮೇಲೆ, “ಎಷ್ಟ ಮೆಲ್ಲಗ ಕರದಿ ಬೇ,” ಎಂದಳು.

ಅಷ್ಟು ದಿನ ಟೇಪಿನೊಂದಿಗೆ ಆಡಿದ ಮಾತೆಲ್ಲ ಎಲ್ಲಿ ಹೋಯಿತೋ. ಅವಳೇ ಕೇಳಿದಳು. “ಮಗಳ, ಏನ ತಪ್ಪ ಮಾಡಿದಿ? ಬೀಗರು ಯಾಕ ಮನಿತನಕ ಬಂದು ಒದರಿ ಹೋದ್ರು?”

“ಒದರಾಕ ಬಂದಿದ್ದಿಲ್ಲ ಬೇ. ನಿನ್ನ ಕರ್ಯಾಕ ಬಂದಿದ್ರು. ನಿನಗ ಕೇಳಸ್ಲಿ ಅಂತ ಜೋರು ಮಾತಾಡ್ಯಾರ.”

ಅವಳು ಬಸ್ಸಿನಲ್ಲಿ ಇಡೀ ದಾರಿ, ಮಗಳನ್ನು ತಿರುಗಿ ಕಳಿಸುತ್ತಾರೆ ಎಂದುಕೊಂಡು ಬಂದಿದ್ದಳು. ಒಂದು ದೊಡ್ಡ ಉಸಿರು ಬಿಟ್ಟಳು. ಆ ಉಸಿರೂ ಆ ಕೋಣೆಯಲ್ಲಿ ಬೇರೆಯಾಗಿ ಕೇಳಿಸಿತು.

“ಮತ್ತ ನಿಮ್ಮಣ್ಣ? ದಿನಾ ಬೆಳಗಾದ್ರ ಒದರತಾನ.”

“ಅವನೂ ಅದಕ್ಕ.”

ನಾನು ಬಾಚಣಿಗೆಯನ್ನು ಮತ್ತೆ ನೆತ್ತಿಯಿಂದ ಇಳಿಸಿದೆ. ಅವಳು ಮಾತಾಡಿದಾಗ ದನಿ ಇನ್ನೂ ಇಳಿದಿತ್ತು. “ನೀನೂ ಒದರಿದ್ದಿ, ಪಂಚಮಿಗೆ ಬಂದಾಗ. ಕಣ್ಣ ತಗದು, ಹುಬ್ಬ ಗಂಟ ಹಾಕಿ ಒದರಿದ್ದಿ. ನಾ ತಿಳಕೊಂಡೆ, ಕಲಿಯೂದು ಬಿಡಿಸಿ ಲಗ್ನಾ ಮಾಡಿದ್ದಕ್ಕ ನಿನಗ ನನ್ನ ಮ್ಯಾಲ ಸಿಟ್ಟು ಹೋಗಿಲ್ಲ ಅಂತ. ಅದಕ್ಕ ಹೊರಡೂ ದಿನಾ ಏನೂ ಮಾತಾಡಲಿಲ್ಲ.”

ನನ್ನ ಕೈ ನಿಂತಿತು. ನನ್ನ ಅಷ್ಟೂ ಒದರಾಟದಲ್ಲಿ ಅವಳಿಗೆ ಮುಟ್ಟಿದ್ದು ಮುಖ ಒಂದೇ. ಪಡಸಾಲೆಯಲ್ಲಾಗಿದ್ದರೆ, “ಇಲ್ಲ ಬೇ, ಹುಚ್ಚಿ ಆಗೀ ಏನ,” ಎಂದು ಕೂಗಿ ನಕ್ಕುಬಿಡುತ್ತಿದ್ದೆ. ಅಷ್ಟು ಮೆಲ್ಲನೆಯ ಜಾಗದಲ್ಲಿ ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಸಿಟ್ಟು ಇತ್ತು ಬೇ ಅವ್ವಾ. ಲಗ್ನದಾಗ ಇತ್ತು, ಆಮ್ಯಾಲೂ ಸ್ವಲ್ಪ ದಿನಾ ಇತ್ತು. ಪಂಚಮಿಗೆ ಇರಲಿಲ್ಲ. ಈಗಂತೂ ಇಲ್ಲ.”

“ಖರೇ?”

“ಖರೇ.”

ಅವಳು ಹಿಂದೆ ತಿರುಗಲಿಲ್ಲ. ಕೈ ಮಾತ್ರ ಹಿಂದೆ ಚಾಚಿ ನನ್ನ ಮೊಣಕಾಲ ಮೇಲಿಟ್ಟಳು. ನಾನು ಜಡೆ ಹೆಣೆಯುತ್ತ ಹೋದೆ, ಬಿಚ್ಚಿ ಮತ್ತೆ ಹೆಣೆದೆ. ಮಾತಾಡಿದೆವು. ಯಾರ ಎಮ್ಮೆ ಈಯಿತು, ಯಾರ ಸೊಸೆ ತವರಿಗೆ ಹೋಗಿ ಕೂತಳು, ಎಲ್ಲ. ಅವಳು ಕೇಳಿದ್ದಕ್ಕೆ ನಾನು ಅದಕ್ಕೇ ಉತ್ತರ ಕೊಟ್ಟೆ, ನಾನು ಅಂದದ್ದಕ್ಕೆ ಅವಳು ಅದಕ್ಕೇ ನಕ್ಕಳು. ಎಳೆಗಳು ತೇಲುತ್ತಿದ್ದವು. ಅವಳ ಕೂದಲಲ್ಲಿ ಹತ್ತಿಯೂ ನರೆಯೂ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಟೇಪು ಹಚ್ಚಬೇಕೆಂದು ಯಾರಿಗೂ ನೆನಪಾಗಲಿಲ್ಲ, ಹೊಸ್ತಿಲಾಚೆ ಕೂತ ಮೈದುನನಿಗೂ.

ಅವ್ವ ಇದ್ದಷ್ಟು ದಿನ ಅದೇ ನಮ್ಮ ಕೋಣೆ. ಅತ್ತೆಯವರೂ ಬಂದು ಕೂತು ಬೀಗತಿಯೊಂದಿಗೆ ಕೌದಿಯ ಮಾತಾಡಿದರು. ಮಾವನವರು ಹಿತ್ತಲಿಗೆ ಹೋಗುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ದಾಟುತ್ತಿದ್ದರು. ಆ ವಾರ ಹತ್ತಿಯ ದರ ಇನ್ನಷ್ಟು ಏರಿತು. ತಡೆದು ಮಾರಿದ್ದರಿಂದ ಲಾಭವೇ ಆಯಿತು. ಬೀಗರ ಕಾಲ್ಗುಣ ಎಂದು ಮಾವನವರು ಸಾಯುವವರೆಗೂ ಮಾರುಕಟ್ಟೆಯಲ್ಲಿ ಹೇಳುತ್ತಿದ್ದರು. ಖಾಲಿಯಾದ ಕೋಣೆಗೆ ಹೋಗಿ ನಾನು ಒಮ್ಮೆ ಅವ್ವಾ ಎಂದೆ. ನಾಲ್ಕು ಗೋಡೆಗಳೂ ತಿರುಗಿ ಅಂದವು. ಮುಂದಿನ ವರ್ಷದ ಹತ್ತಿ ಬರುವಷ್ಟರಲ್ಲಿ ಅವ್ವನ ಕಿವಿ ಪೂರ್ತಿ ಹೋಗಿತ್ತು, ಯಂತ್ರಕ್ಕೂ ಸಿಗಲಿಲ್ಲ. ನಮಗೆ ಸಿಕ್ಕಿದ್ದು ಆ ಒಂದು ಸುಗ್ಗಿ ಮಾತ್ರ.

ಆದರೆ ಅವಳು ಹೊರಟ ದಿನದ್ದನ್ನು ಹೇಳದೆ ಮುಗಿಸಲಾರೆ. ಮುರಗೋಡದ ಮೇಲೆ ಹೋಗುವ ಸವದತ್ತಿಯ ಬಸ್ಸಿಗೆ ಹೊತ್ತಾಗಿತ್ತು. ಉಡಿ ತುಂಬಿಯಾಗಿತ್ತು. ಪಡಸಾಲೆಯಲ್ಲಿ ಎಲ್ಲರೂ ಸೇರಿ ಅಭ್ಯಾಸಬಲದಿಂದ ಮತ್ತೆ ಕೂಗತೊಡಗಿದರು. ಹುಷಾರ್ರಿ, ಮತ್ತ ಬರ್ರಿ, ಮುಟ್ಟಿದ ಮ್ಯಾಲ ಹೇಳಿ ಕಳಸ್ರಿ. ಸ್ಲ್ಯಾಬು ಗುಡುಗಿತು. ಅವ್ವ ಮುಖ ಕಿವುಚಿ, ಕಿವಿಯಿಂದ ವೈರು ತೆಗೆದು, ಡಬ್ಬಿಯನ್ನು ಅರಿವೆಯಲ್ಲಿ ಸುತ್ತಿ ಗಂಟಿಗೆ ಹಾಕಿದಳು. ಮಾವನವರು ನಡುವೆಯೇ ಬಾಯಿ ಮುಚ್ಚಿಕೊಂಡರು. ಅವರ ಹಿಂದೆ ಎಲ್ಲರೂ ಸುಮ್ಮನಾದರು.

ಅವ್ವ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಈ ಸಲದ ನಗುವಿನಲ್ಲಿ ಹೆದರಿಕೆ ಇರಲಿಲ್ಲ.

“ಯಾಕ ಸುಮ್ಮನಾದ್ರಿ?” ಎಂದಳು. “ಸಿಟ್ಟಲ್ಲ ಅಂತ ಗೊತ್ತಾತಲ್ಲ. ಇನ್ನ ಬೇಕಾದಷ್ಟ ಒದರ್ರಿ.”